ಸೆಂಟ್ರಲ್ ಮ್ಯಾನೇಜ್‌ಮೆಂಟ್ ಇಲ್ಲದೆ ಸರ್ವರ್‌ನಲ್ಲಿ ವರ್ಚುವಲ್ ಮಷಿನ್ ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೋ ಎರಡೋ ಸರ್ವರ್ ಇರುವ ಆಫೀಸು, ಕಾಲೇಜು, ಸಣ್ಣ ಆಸ್ಪತ್ರೆ. ಅದರೊಳಗೆ ಐದಾರು ವಿಎಂ, ಅಂದರೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಕಂಪ್ಯೂಟರ್ (ವರ್ಚುವಲ್ ಮಷಿನ್): ಒಂದರಲ್ಲಿ ಅಕೌಂಟ್ಸ್, ಒಂದರಲ್ಲಿ ಡೇಟಾಬೇಸ್, ಒಂದರಲ್ಲಿ ಫೈಲ್ ಸರ್ವರ್. ನೋಡಿಕೊಳ್ಳುವವರು ಒಬ್ಬರೇ, ಅವರಿಗೂ ಬೇರೆ ಹತ್ತು ಕೆಲಸ. ಈ ಪುಟ ಅಂಥವರಿಗಾಗಿ. ಉದಾಹರಣೆಗಳು ಹೆಚ್ಚಾಗಿ ಲಿನಕ್ಸ್, ಕೆವಿಎಂ, ಲಿಬ್‌ವರ್ಟ್ ಬಗ್ಗೆ ಇವೆ. ಬೇರೆಯವನ್ನು ಬೇಕಾದಲ್ಲಿ ಹೇಳಿದ್ದೇನೆ.

ಮೇಲೊಂದು ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಇಲ್ಲದೆ ವಿಎಂ ಓಡುತ್ತದಾ?

ಆರಾಮಾಗಿ ಓಡುತ್ತದೆ. ವಿಎಂ ಓಡಿಸುವುದು ಸರ್ವರ್‌ನಲ್ಲೇ ಇರುವ ಹೈಪರ್‌ವೈಸರ್ ಅನ್ನುವ ಸಾಫ್ಟ್‌ವೇರ್‌ನ ಕೆಲಸ. ವಿಎಂವೇರ್‌ನ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಆದ ವಿಸೆಂಟರ್ ಇರುವ ಕಡೆಯೂ ಅದು ನಿಂತುಹೋದರೆ ವಿಎಂಗಳು ತಮ್ಮ ಪಾಡಿಗೆ ಓಡುತ್ತಲೇ ಇರುತ್ತವೆ.

ಲಿನಕ್ಸ್‌ನಲ್ಲಿ ಈ ಕೆಲಸ ಮೂರು ಕಡೆ ಹಂಚಿಕೊಂಡಿದೆ. ಕೆವಿಎಂ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇದೆ, 2007ರಲ್ಲಿ ಬಂದ 2.6.20 ಆವೃತ್ತಿಯಿಂದ. ವಿಎಂಗೆ ಡಿಸ್ಕು, ನೆಟ್‌ವರ್ಕ್ ಕಾರ್ಡು, ಸ್ಕ್ರೀನು ಎಲ್ಲ ಇದೆ ಅಂತ ತೋರಿಸುವುದು ಕ್ಯೂಎಮು. ಇವೆರಡನ್ನೂ ಒಂದೇ ಬಗೆಯ ಕಮಾಂಡ್‌ಗಳಲ್ಲಿ ನಡೆಸಲು ಬಿಡುವುದು ಲಿಬ್‌ವರ್ಟ್. ಓಡುತ್ತಿರುವ ಪ್ರತಿ ವಿಎಂ ಹೋಸ್ಟ್‌ನ (ವಿಎಂಗಳನ್ನು ಓಡಿಸುವ ಸರ್ವರ್‌ನ) ಲೆಕ್ಕದಲ್ಲಿ ಒಂದು ಸಾಮಾನ್ಯ ಪ್ರೋಸೆಸ್, ಅಷ್ಟೇ. ಲಿಬ್‌ವರ್ಟ್ ಸರ್ವಿಸ್ ರೀಸ್ಟಾರ್ಟ್ ಮಾಡಿದರೂ ವಿಎಂ ನಿಲ್ಲುವುದಿಲ್ಲ.

ಹಾಗಾದರೆ ಅದು ಇಲ್ಲದಿದ್ದರೆ ಏನು ಸಿಗುವುದಿಲ್ಲ?

ಒಂದು ಸರ್ವರ್ ಸತ್ತರೆ ಅದರ ವಿಎಂಗಳು ತಾವಾಗಿಯೇ ಇನ್ನೊಂದರಲ್ಲಿ ಶುರುವಾಗುವುದಿಲ್ಲ. ಲೋಡ್ ಜಾಸ್ತಿಯಾದರೆ ಬೇರೆ ಸರ್ವರ್‌ಗೆ ತಾವಾಗಿಯೇ ಹೋಗುವುದಿಲ್ಲ. ಹತ್ತು ಸರ್ವರ್‌ಗಳ ಸ್ಥಿತಿ ಒಂದೇ ಸ್ಕ್ರೀನ್‌ನಲ್ಲಿ ಕಾಣುವುದಿಲ್ಲ. ಯಾರಿಗೆ ಯಾವ ವಿಎಂ ಮೇಲೆ ಎಷ್ಟು ಹಕ್ಕು ಅನ್ನುವುದನ್ನು ಒಂದೇ ಕಡೆ ಬರೆದಿಡಲು ಆಗುವುದಿಲ್ಲ.

ಇರುವುದೇ ಒಂದು ಸರ್ವರ್ ಆದರೆ ಮೊದಲ ಮೂರಕ್ಕೆ ಅರ್ಥವೇ ಇಲ್ಲ, ಅಲ್ವಾ? ಆದರೆ ಇನ್ನೊಂದು ವಿಷಯ ಉಳಿಯುತ್ತದೆ. ಯಾವ ವಿಎಂ ಎಲ್ಲಿದೆ, ಅದಕ್ಕೆಷ್ಟು ಮೆಮೊರಿ, ಯಾವ ಡಿಸ್ಕ್, ಬ್ಯಾಕಪ್ ಯಾವಾಗ ಆಯಿತು ಅನ್ನುವುದನ್ನೆಲ್ಲ ಆ ಸಾಫ್ಟ್‌ವೇರ್ ನೆನಪಿಡುತ್ತಿತ್ತು. ಅದಿಲ್ಲದಿದ್ದರೆ ಆ ನೆನಪು ನಿಮ್ಮ ತಲೆಯಲ್ಲಲ್ಲ, ಫೈಲುಗಳಲ್ಲಿ ಇರಬೇಕು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇವೆ.

ಯಾವುದನ್ನು ಹಾಕಿಕೊಳ್ಳಲಿ? ಇಎಸ್‌ಎಕ್ಸ್‌ಐ, ಹೈಪರ್-ವಿ, ಪ್ರಾಕ್ಸ್‌ಮಾಕ್ಸ್, ಬರೀ ಲಿಬ್‌ವರ್ಟ್?

ನಿಮಗೆ ಲಿನಕ್ಸ್ ಕಮಾಂಡ್ ಲೈನ್ ರೂಢಿ ಇದ್ದರೆ ಡೆಬಿಯನ್ ಅಥವಾ ಉಬುಂಟು ಮೇಲೆ ಲಿಬ್‌ವರ್ಟ್ ಹಾಕಿ. ಒಳಗೆ ಏನು ನಡೆಯುತ್ತಿದೆ ಅನ್ನುವುದು ಪೂರ್ತಿ ಕಾಣುತ್ತದೆ, ಯಾವುದೂ ಮುಚ್ಚಿಟ್ಟಿರುವುದಿಲ್ಲ. ಬ್ರೌಸರ್‌ನಲ್ಲೇ ಎಲ್ಲ ಆಗಬೇಕು ಅನ್ನುವವರಿಗೆ ಪ್ರಾಕ್ಸ್‌ಮಾಕ್ಸ್ ಒಳ್ಳೆಯದು. 2008ರಿಂದ ಇದೆ, ಕೆಳಗೆ ಅದೇ ಕೆವಿಎಂ, ಓಪನ್ ಸೋರ್ಸ್. ಪ್ರತಿ ಸರ್ವರ್‌ನಲ್ಲೂ ತನ್ನದೇ ವೆಬ್ ಪುಟ 8006ನೇ ಪೋರ್ಟ್‌ನಲ್ಲಿ ಇರುತ್ತದೆ, ಬ್ಯಾಕಪ್ ವ್ಯವಸ್ಥೆ ಜೊತೆಗೇ ಬರುತ್ತದೆ.

ವಿಎಂವೇರ್‌ನ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐ ಕೂಡ ವಿಸೆಂಟರ್ ಇಲ್ಲದೆ ಓಡುತ್ತದೆ, ಅದರಲ್ಲೇ ಒಂದು ವೆಬ್ ಪುಟ ಇದೆ. ಆದರೆ ವಿಮೋಷನ್ (ವಿಎಂ ನಿಲ್ಲಿಸದೆ ಇನ್ನೊಂದು ಸರ್ವರ್‌ಗೆ ಸಾಗಿಸುವುದು) ಬೇಕೆಂದರೆ ವಿಸೆಂಟರ್ ಬೇಕೇ ಬೇಕು. 2023ರ ನವೆಂಬರ್‌ನಲ್ಲಿ ವಿಎಂವೇರ್ ಕಂಪನಿ ಬ್ರಾಡ್‌ಕಾಮ್ ಕೈಗೆ ಹೋಯಿತು. ಒಮ್ಮೆ ಕೊಂಡು ಎಂದೆಂದಿಗೂ ಬಳಸುವ ಲೈಸೆನ್ಸ್ ಮಾರಾಟ ಆ ಡಿಸೆಂಬರ್‌ಗೇ ನಿಂತಿತು. ಉಚಿತ ಇಎಸ್‌ಎಕ್ಸ್‌ಐ 2024ರ ಫೆಬ್ರವರಿಯಲ್ಲಿ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಹೀಗೆ ಬಂದು ಹೋಗುವುದರ ಮೇಲೆ ಸಣ್ಣ ಆಫೀಸು ತನ್ನ ಕೆಲಸ ಕಟ್ಟಿಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೇಗೂ ವಿಂಡೋಸ್ ಸರ್ವರ್ ಲೈಸೆನ್ಸ್ ಕೊಂಡಿದ್ದು, ವಿಎಂಗಳೆಲ್ಲ ವಿಂಡೋಸೇ ಆಗಿದ್ದರೆ ಅದರ ಜೊತೆಗೇ ಬರುವ ಹೈಪರ್-ವಿ ಸಾಕು.

ಹಾರ್ಡ್‌ವೇರ್ ಎಂಥದ್ದು ಬೇಕು? ಹಳೇ ಸರ್ವರ್ ಆಗುತ್ತದಾ?

ಆಗುತ್ತದೆ. ಪ್ರೊಸೆಸರ್‌ನಲ್ಲಿ ವಿಎಂ ಓಡಿಸಲು ನೆರವಾಗುವ ಸೌಲಭ್ಯ, ಇಂಟೆಲ್‌ದಾದರೆ ವಿಟಿ-ಎಕ್ಸ್, ಎಎಂಡಿಯದಾದರೆ ಎಎಂಡಿ-ವಿ ಇರಬೇಕು. ಈಗ ಸಿಗುವ ಎಲ್ಲ ಸರ್ವರ್‌ಗಳಲ್ಲೂ ಇದೆ, ಆದರೆ ಬಯಾಸ್‌ನಲ್ಲಿ (ಸರ್ವರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ಆಫ್ ಆಗಿರಬಹುದು, ನೋಡಿಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲೋ ಇನ್ನೆಲ್ಲೋ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಪ್ರೊಸೆಸರ್ ವೇಗಕ್ಕಿಂತ ಮೂರು ವಿಷಯ ಕೇಳಿ: ಮೆಮೊರಿ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿಯಾ, ಡಿಸ್ಕ್ ಎಷ್ಟು ಗಂಟೆ ಓಡಿದೆ, ದೂರದಿಂದ ಸ್ಕ್ರೀನ್ ನೋಡುವ ಐಪಿಎಂಐ ಸೌಲಭ್ಯ ಇದೆಯಾ. ಕೊನೆಯದು ಇದ್ದರೆ ರಾತ್ರಿ ಹೊತ್ತು ಆಫೀಸಿಗೆ ಓಡುವುದು ತಪ್ಪುತ್ತದೆ.

ದಿನನಿತ್ಯದ ಕೆಲಸ ಹೇಗೆ ಮಾಡುವುದು?

ಮೂರು ದಾರಿ ಇವೆ, ಮೂರನ್ನೂ ಒಟ್ಟಿಗೆ ಬಳಸಬಹುದು. ಒಂದು, ವರ್ಶ್ ಅನ್ನುವ ಕಮಾಂಡ್. ‘ವರ್ಶ್ ಲಿಸ್ಟ್’ ಜೊತೆ ‘ಆಲ್’ ಆಯ್ಕೆ ಕೊಟ್ಟರೆ ನಿಂತಿರುವ ವಿಎಂಗಳೂ ಕಾಣುತ್ತವೆ. ಎರಡು, ವರ್ಟ್-ಮ್ಯಾನೇಜರ್. ಇದನ್ನು ಸರ್ವರ್‌ನಲ್ಲಿ ಹಾಕಬೇಕಾಗಿಲ್ಲ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮೂಲಕ ಸರ್ವರ್‌ಗೆ ಜೋಡಿಸಿ. ಎರಡು ಮೂರು ಸರ್ವರ್‌ಗಳನ್ನೂ ಒಂದೇ ಕಿಟಕಿಯಲ್ಲಿ ನೋಡಬಹುದು. ಸಣ್ಣ ಜಾಗಕ್ಕೆ ಇಷ್ಟೇ ಸಾಕಾಗುತ್ತದೆ. ಮೂರು, ಕಾಕ್‌ಪಿಟ್. ಬ್ರೌಸರ್‌ನಲ್ಲಿ 9090ನೇ ಪೋರ್ಟ್‌ನಲ್ಲಿ ತೆರೆಯುತ್ತದೆ, ವಿಎಂಗಳಿಗಾಗಿ ಬೇರೆಯಾದ ಒಂದು ಪ್ಯಾಕೇಜ್ ಹಾಕಿಕೊಳ್ಳಬೇಕು.

‘ವರ್ಶ್ ಡೆಸ್ಟ್ರಾಯ್’ ಕೊಟ್ಟರೆ ವಿಎಂ ಅಳಿಸಿಹೋಗುತ್ತದಾ?

ಇಲ್ಲ. ಅದು ಪ್ಲಗ್ ಕಿತ್ತ ಹಾಗೆ, ಒಮ್ಮೆಲೇ ನಿಲ್ಲುತ್ತದೆ. ಡಿಸ್ಕ್ ಹಾಗೇ ಇರುತ್ತದೆ. ಮಾಮೂಲಿಯಾಗಿ ನಿಲ್ಲಿಸಲು ‘ಶಟ್‌ಡೌನ್’ ಕೊಡಿ. ‘ಅನ್‌ಡಿಫೈನ್’ ಕೊಟ್ಟರೆ ವಿಎಂನ ವಿವರ ಹೋಗುತ್ತದೆ, ಡಿಸ್ಕ್ ಉಳಿಯುತ್ತದೆ. ಅದರ ಜೊತೆ ಸ್ಟೋರೇಜ್ ಕೂಡ ತೆಗೆಯುವ ಆಯ್ಕೆ ಸೇರಿಸಿದರೆ ಮಾತ್ರ ಡೇಟಾ ಹೋಗುತ್ತದೆ. ಹೆದರಬೇಕಾದ್ದು ಅದಕ್ಕೆ.

ಒಂದು ವಿಎಂ ಅಂದರೆ ನಿಜವಾಗಿ ಯಾವ ಯಾವ ಫೈಲು? ಎಲ್ಲಿರುತ್ತವೆ?

ಇದು ಎಲ್ಲರೂ ಕೇಳಲೇಬೇಕಾದ ಪ್ರಶ್ನೆ. ಡಿಸ್ಕ್ ಫೈಲ್ ಒಂದನ್ನೇ ವಿಎಂ ಅಂದುಕೊಂಡವರು ಬಹಳ.

ಮೊದಲನೆಯದು ವಿವರದ ಫೈಲು, ಎಕ್ಸ್‌ಎಂಎಲ್ ರೂಪದಲ್ಲಿ. ಇದು ಇಟಿಸಿ ಡೈರೆಕ್ಟರಿಯ ಒಳಗೆ ಲಿಬ್‌ವರ್ಟ್, ಅದರೊಳಗೆ ಕ್ಯೂಎಮು ಅನ್ನುವ ಡೈರೆಕ್ಟರಿಯಲ್ಲಿ ಇರುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಇರುವ ಜಾಗ, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಎಲ್ಲ ಇದರಲ್ಲಿದೆ. ನೇರವಾಗಿ ಎಡಿಟರ್‌ನಲ್ಲಿ ತೆರೆದು ತಿದ್ದಬೇಡಿ, ‘ವರ್ಶ್ ಎಡಿಟ್’ ಬಳಸಿ. ಎರಡನೆಯದು ಡಿಸ್ಕ್. ಬೇರೆ ಹೇಳದಿದ್ದರೆ ವಾರ್ ಡೈರೆಕ್ಟರಿಯಲ್ಲಿ ಲಿಬ್‌ವರ್ಟ್‌ನ ಇಮೇಜಸ್ ಒಳಗಿರುತ್ತದೆ.

ಮೂರನೆಯದನ್ನು ಜನ ಮರೆಯುತ್ತಾರೆ. ವಿಎಂ ಯುಇಎಫ್‌ಐನಿಂದ (ಬಯಾಸ್‌ನ ಹೊಸ ರೂಪ) ಬೂಟ್ ಆಗುವುದಾದರೆ ಬೂಟ್ ಸೆಟ್ಟಿಂಗ್ ಇಡಲು ಅದಕ್ಕೊಂದು ಎನ್‌ವಿರಾಮ್ ಫೈಲು ಇದೆ. ವಿಂಡೋಸ್ 11 ವಿಎಂಗೆ ಟಿಪಿಎಂ 2.0 (ಕೀಗಳನ್ನು ಕಾಪಾಡುವ ಸೆಕ್ಯುರಿಟಿ ಚಿಪ್) ಬೇಕು. ಅದನ್ನು ಸಾಫ್ಟ್‌ವೇರ್‌ನಲ್ಲೇ ಕೊಟ್ಟಿರುತ್ತೀರಿ, ಅದರ ಸ್ಥಿತಿಯೂ ಬೇರೆ ಡೈರೆಕ್ಟರಿಯಲ್ಲಿ ಉಳಿದಿರುತ್ತದೆ. ವಿಎಂ ಒಳಗೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಹಾಕಿದ್ದು, ಈ ಟಿಪಿಎಂ ಫೈಲನ್ನು ಬ್ಯಾಕಪ್‌ನಲ್ಲಿ ಬಿಟ್ಟಿದ್ದರೆ, ಡಿಸ್ಕ್ ವಾಪಸ್ ತಂದ ಮೇಲೂ ರಿಕವರಿ ಕೀ ಕೇಳುತ್ತದೆ.

ಹಾಗಾಗಿ ಒಂದು ಕೆಲಸ ಇವತ್ತೇ ಮಾಡಿ. ಪ್ರತಿ ರಾತ್ರಿ ಎಲ್ಲ ವಿಎಂಗಳಿಗೂ ‘ವರ್ಶ್ ಡಂಪ್‌ಎಕ್ಸ್‌ಎಂಎಲ್’ ಕೊಟ್ಟು, ಬಂದದ್ದನ್ನು ಗಿಟ್ ರೆಪೊಸಿಟರಿಗೆ (ಪ್ರತಿ ಬದಲಾವಣೆಯನ್ನೂ ನೆನಪಿಡುವ ಫೈಲು ಸಂಗ್ರಹ) ಹಾಕುವ ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ನೆಟ್‌ವರ್ಕ್, ಸ್ಟೋರೇಜ್ ಪೂಲ್ ವಿವರಗಳೂ ಅದರಲ್ಲಿರಲಿ. ಯಾವ ದಿನ ಯಾವ ವಿಎಂನ ಮೆಮೊರಿ ಬದಲಾಯಿತು ಅನ್ನುವುದು ಆಮೇಲೆ ಹುಡುಕದೆ ಸಿಗುತ್ತದೆ. ಆ ರೆಪೊಸಿಟರಿ ಅದೇ ಸರ್ವರ್‌ನಲ್ಲಿ ಇರಬಾರದು.

ಆಫೀಸಿನ ಬೇರೆ ಕಂಪ್ಯೂಟರ್‌ಗಳಿಂದ ವಿಎಂ ಸಿಗುತ್ತಿಲ್ಲ. ವಿಎಂನಿಂದ ಇಂಟರ್ನೆಟ್ ಮಾತ್ರ ಸಿಗುತ್ತದೆ. ಯಾಕೆ?

ಲಿಬ್‌ವರ್ಟ್ ಹಾಕಿದಾಗ ಬರುವ ‘ಡೀಫಾಲ್ಟ್’ ನೆಟ್‌ವರ್ಕ್ ಎನ್‌ಎಟಿ ಮೂಲಕ, ಅಂದರೆ ಹೋಸ್ಟ್‌ನ ವಿಳಾಸದ ಹಿಂದೆ ನಿಂತು, ಕೆಲಸ ಮಾಡುತ್ತದೆ. ವಿಎಂಗೆ 192.168.122 ಎಂದು ಶುರುವಾಗುವ ವಿಳಾಸ ಬಂದಿದ್ದರೆ ನೀವು ಅದರಲ್ಲೇ ಇದ್ದೀರಿ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರಲಾರರು.

ಬೇಕಾಗಿರುವುದು ಬ್ರಿಜ್, ಅಂದರೆ ವಿಎಂಗಳನ್ನು ನೇರವಾಗಿ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಸಾಫ್ಟ್‌ವೇರ್ ಸ್ವಿಚ್. ಹೋಸ್ಟ್‌ನ ನೆಟ್‌ವರ್ಕ್ ಕಾರ್ಡನ್ನು ಬ್ರಿಜ್‌ಗೆ ಸೇರಿಸಿ, ಹೋಸ್ಟ್‌ನ ಐಪಿ ವಿಳಾಸವನ್ನು ಕಾರ್ಡಿನಿಂದ ತೆಗೆದು ಬ್ರಿಜ್‌ಗೆ ಕೊಡಬೇಕು. ಇದನ್ನು ಎಸ್‌ಎಸ್‌ಎಚ್‌ನಲ್ಲಿ ಕೂತು ಮಾಡಬೇಡಿ. ಅಕ್ಷರ ಒಂದು ತಪ್ಪಿದರೂ ಸಂಪರ್ಕ ಕಡಿದುಹೋಗುತ್ತದೆ. ಸರ್ವರ್ ಮುಂದೆ ಕೂತು ಅಥವಾ ಐಪಿಎಂಐ ಕನ್ಸೋಲ್‌ನಿಂದ ಮಾಡಿ. ಬ್ರಿಜ್ ಇಲ್ಲದೆ ವಿಎಂ ಅನ್ನು ಕಾರ್ಡಿಗೇ ಜೋಡಿಸುವ ಮ್ಯಾಕ್‌ವಿಟ್ಯಾಪ್ ಸುಲಭ ಅಂತ ಕೆಲವರು ಅದನ್ನು ಹಾಕುತ್ತಾರೆ. ಅದರಲ್ಲಿ ಹೋಸ್ಟ್ ಮತ್ತು ವಿಎಂ ಒಂದಕ್ಕೊಂದು ಮಾತಾಡುವುದಿಲ್ಲ, ಉಳಿದ ಎಲ್ಲರಿಗೂ ವಿಎಂ ಸಿಗುತ್ತದೆ. ಹೋಸ್ಟ್‌ನಿಂದಲೇ ಬ್ಯಾಕಪ್ ಎಳೆಯುವವರಿಗೆ ಇದು ಆಗಿಬರುವುದಿಲ್ಲ.

ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಇಲ್ಲ ಅನ್ನುತ್ತಿದೆ?

ಡಿಸ್ಕನ್ನು ವಿಎಂಗಳಿಗೆಂದೇ ಮಾಡಿದ ವೇಗದ ಬಗೆಯಾದ ವರ್ಟ್‌ಐಒ ಅಂತ ಕೊಟ್ಟಿದ್ದೀರಿ, ವಿಂಡೋಸ್‌ನಲ್ಲಿ ಅದರ ಡ್ರೈವರ್ ಇರುವುದಿಲ್ಲ. ವರ್ಟ್‌ಐಒ-ವಿನ್ ಐಎಸ್‌ಒ ಫೈಲನ್ನು ಎರಡನೇ ಸಿಡಿಯಾಗಿ ಜೋಡಿಸಿ, ‘ಲೋಡ್ ಡ್ರೈವರ್’ ಒತ್ತಿ. ಹಳೇ ಬಗೆಯ ಐಡಿಇಗೆ ಬದಲಾಯಿಸಿದರೂ ಇನ್‌ಸ್ಟಾಲ್ ಆಗುತ್ತದೆ, ಆದರೆ ವಿಎಂ ನಿಧಾನವಾಗುತ್ತದೆ. ಹಾಗೆ ಮಾಡಬೇಡಿ.

64 ಜಿಬಿ ಮೆಮೊರಿ ಇದೆ. ಅಷ್ಟನ್ನೂ ಹಂಚಬಹುದಾ?

ಬೇಡ. ಹೋಸ್ಟ್‌ಗೆ ನಾಲ್ಕೈದು ಜಿಬಿ ಆದರೂ ಬಿಡಿ. ಝಡ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಂ ಬಳಸುತ್ತಿದ್ದರೆ ಅದು ಕ್ಯಾಶ್‌ಗೆ ಬಹಳ ಮೆಮೊರಿ ಹಿಡಿಯುತ್ತದೆ, ಅದಕ್ಕೊಂದು ಮಿತಿ ಹಾಕಿ ಆ ಲೆಕ್ಕವನ್ನೂ ಕಳೆಯಿರಿ. ಪ್ರೊಸೆಸರ್ ಕೋರ್‌ಗಳನ್ನು ಇರುವುದಕ್ಕಿಂತ ಜಾಸ್ತಿ ಹಂಚಿದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಮೆಮೊರಿ ಹಾಗಲ್ಲ. ಮುಗಿದರೆ ಕರ್ನಲ್ ಯಾವುದಾದರೂ ಒಂದು ಪ್ರೋಸೆಸ್ ಕೊಂದು ಜಾಗ ಮಾಡಿಕೊಳ್ಳುತ್ತದೆ, ದೊಡ್ಡದನ್ನೇ ಆರಿಸುತ್ತದೆ. ಸರ್ವರ್‌ನಲ್ಲಿ ದೊಡ್ಡ ಪ್ರೋಸೆಸ್ ಅಂದರೆ ನಿಮ್ಮ ಡೇಟಾಬೇಸ್ ವಿಎಂ. ಕಾರಣ ಗೊತ್ತಿಲ್ಲದೆ ವಿಎಂ ನಿಂತಿದ್ದರೆ ಹೋಸ್ಟ್‌ನ ಕರ್ನಲ್ ಲಾಗ್‌ನಲ್ಲಿ ಮೊದಲು ಇದನ್ನೇ ಹುಡುಕಿ.

ವಿಎಂ ‘ಪಾಸ್ಡ್’ (ತಡೆದು ನಿಲ್ಲಿಸಿದೆ) ಅಂತ ತೋರಿಸುತ್ತಿದೆ. ನಾನಂತೂ ನಿಲ್ಲಿಸಿಲ್ಲ.

ಹೆಚ್ಚಿನ ಸಲ ಹೋಸ್ಟ್‌ನ ಡಿಸ್ಕ್ ತುಂಬಿರುತ್ತದೆ. ಕ್ಯೂಕೌ2 ಅನ್ನುವ ಬಗೆಯ ಡಿಸ್ಕ್ ಫೈಲು ಬಳಸಿದಷ್ಟೇ ಬೆಳೆಯುತ್ತದೆ. 500 ಜಿಬಿ ಜಾಗದಲ್ಲಿ 200 ಜಿಬಿಯ ನಾಲ್ಕು ಡಿಸ್ಕ್ ಮಾಡಿದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ತುಂಬಿದ ದಿನ ಎಲ್ಲ ವಿಎಂಗಳೂ ಒಟ್ಟಿಗೆ ನಿಲ್ಲುತ್ತವೆ. ಹೀಗೆ ನಿಲ್ಲುವುದೇ ಒಳ್ಳೆಯದು, ಡೇಟಾ ಹಾಳಾಗುವುದಿಲ್ಲ. ಜಾಗ ಖಾಲಿ ಮಾಡಿ ‘ವರ್ಶ್ ರೆಸ್ಯೂಮ್’ ಕೊಡಿ, ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಮತ್ತೆ ಆಗದ ಹಾಗೆ ಮಾಡಲು ಡಿಸ್ಕ್‌ನ ವಿವರದಲ್ಲಿ ‘ಡಿಸ್ಕಾರ್ಡ್’ ಅನ್ನು ‘ಅನ್‌ಮ್ಯಾಪ್’ ಎಂದು ಇಡಿ. ವಿಎಂ ಒಳಗೆ ವಾರಕ್ಕೊಮ್ಮೆ ಎಫ್‌ಎಸ್‌ಟ್ರಿಮ್ ಓಡಲಿ. ವಿಎಂ ಒಳಗೆ ಅಳಿಸಿದ ಜಾಗ ಹೋಸ್ಟ್‌ಗೆ ವಾಪಸ್ ಬರುವುದು ಹೀಗೆ.

ಬ್ಯಾಕಪ್‌ಗೆ ಡಿಸ್ಕ್ ಫೈಲನ್ನು ಸುಮ್ನೆ ಕಾಪಿ ಮಾಡಿದರೆ ಸಾಕಲ್ವಾ?

ವಿಎಂ ನಿಂತಿದ್ದರೆ ಸಾಕು. ಓಡುತ್ತಿರುವಾಗ ಕಾಪಿ ಮಾಡಿದರೆ ಅದು ಬ್ಯಾಕಪ್ ಅಲ್ಲ. ಕಾಪಿ ಶುರುವಾದಾಗಿನ ಅರ್ಧ, ಮುಗಿಯುವಾಗಿನ ಅರ್ಧ ಸೇರಿದ ಫೈಲು ಅದು. ಒಮ್ಮೊಮ್ಮೆ ಬೂಟ್ ಕೂಡ ಆಗುತ್ತದೆ, ಅದೇ ಅಪಾಯ. ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ.

ಓಡುವಾಗಲೇ ಬ್ಯಾಕಪ್ ಬೇಕಾದರೆ ಮೊದಲು ವಿಎಂ ಒಳಗೆ ಕ್ಯೂಎಮು ಗೆಸ್ಟ್ ಏಜೆಂಟ್ ಹಾಕಿ. ಬರೆಯುತ್ತಿರುವುದನ್ನೆಲ್ಲ ಡಿಸ್ಕಿಗೆ ಇಳಿಸಿ, ಒಂದು ಕ್ಷಣ ತಡೆದು ನಿಲ್ಲಿಸುವುದು ಅದರ ಕೆಲಸ. ಆಮೇಲೆ ಡಿಸ್ಕ್ ಮಾತ್ರದ ಹೊರ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ತೆಗೆಯಿರಿ. ಹೊಸ ಬರಹವೆಲ್ಲ ಬೇರೊಂದು ಫೈಲಿಗೆ ಹೋಗುತ್ತದೆ, ಮೂಲ ಫೈಲು ಅಲುಗಾಡುವುದಿಲ್ಲ. ಮೂಲವನ್ನು ಕಾಪಿ ಮಾಡಿ. ಮುಗಿದ ಮೇಲೆ ‘ಬ್ಲಾಕ್‌ಕಮಿಟ್’ ಕೊಟ್ಟು ಎರಡನ್ನೂ ಸೇರಿಸಿ. ಈ ಕೊನೆಯ ಹೆಜ್ಜೆ ಬಿಟ್ಟರೆ ಸ್ನ್ಯಾಪ್‌ಶಾಟ್ ಫೈಲುಗಳ ಸರಪಳಿ ಬೆಳೆಯುತ್ತಾ ಹೋಗಿ ಮೇಲೆ ಹೇಳಿದ ಹಾಗೆ ಡಿಸ್ಕ್ ತುಂಬುತ್ತದೆ. ಹೊಸ ಲಿಬ್‌ವರ್ಟ್‌ನಲ್ಲಿ ‘ಬ್ಯಾಕಪ್-ಬಿಗಿನ್’ ಇದೆ, ಅದರಲ್ಲಿ ಸ್ನ್ಯಾಪ್‌ಶಾಟ್ ಸೇರಿಸುವ ರಗಳೆ ಇಲ್ಲ. ಹಿಂದಿನ ಬ್ಯಾಕಪ್ ಆದ ಮೇಲೆ ಬದಲಾದಷ್ಟನ್ನೇ ತೆಗೆಯಲೂ ಬರುತ್ತದೆ.

ಡೇಟಾಬೇಸ್ ಇದ್ದರೆ ಅದರ ಡಂಪ್ ಕೂಡ ಬೇರೆಯಾಗಿ ತೆಗೆಯಿರಿ. ಒಂದು ಟೇಬಲ್ ಬೇಕಾದಾಗ ಇಡೀ ವಿಎಂ ಎಬ್ಬಿಸುವುದು ಯಾರಿಗೆ ಬೇಕು?

ಸ್ನ್ಯಾಪ್‌ಶಾಟನ್ನೇ ಬ್ಯಾಕಪ್ ಅಂದುಕೊಂಡವರಿಗೆ ಒಂದು ಮಾತು: ಅದು ಅದೇ ಡಿಸ್ಕ್ ಮೇಲೆ ಇದೆ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಒಂದೇ ಡೇಟಾವನ್ನು ಎರಡು ಡಿಸ್ಕ್‌ನಲ್ಲಿ ಬರೆಯುವ ರೇಡ್ ಕೂಡ ಬ್ಯಾಕಪ್ ಅಲ್ಲ. ನೀವು ಅಳಿಸಿದ್ದನ್ನು ಅದು ಎರಡೂ ಡಿಸ್ಕ್‌ನಿಂದ ಅಳಿಸುತ್ತದೆ. ಇನ್ನು, ವಾಪಸ್ ತಂದು ನೋಡದ ಬ್ಯಾಕಪ್ ಮೇಲೆ ದಯವಿಟ್ಟು ನಂಬಿಕೆ ಇಡಬೇಡಿ. ಒಂದು ಹಳೇ ಡೆಸ್ಕ್‌ಟಾಪ್‌ನಲ್ಲಿ ಲಿಬ್‌ವರ್ಟ್ ಹಾಕಿ. ಎಕ್ಸ್‌ಎಂಎಲ್ ಫೈಲಿಗೆ ‘ವರ್ಶ್ ಡಿಫೈನ್’ ಕೊಡಿ, ಡಿಸ್ಕನ್ನು ಅದರ ಜಾಗದಲ್ಲಿಡಿ, ನೆಟ್‌ವರ್ಕ್ ಕಿತ್ತು ಶುರು ಮಾಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಸರ್ವರ್ ಬಿದ್ದ ದಿನ ‘ಯಾವಾಗ ಸರಿ ಹೋಗುತ್ತದೆ’ ಅಂತ ಕೇಳುವವರಿಗೆ ಹೇಳಲು ನಿಜವಾದ ಉತ್ತರ ಅದೊಂದೇ.

ಕರೆಂಟು ಹೋದಾಗ ಏನಾಗಬೇಕು?

ಮಳೆಗಾಲದಲ್ಲಿ ಮಲೆನಾಡು ಕರಾವಳಿಯ ಕಡೆಯವರಿಗೆ ಇದೇ ದೊಡ್ಡ ಪ್ರಶ್ನೆ. ಯುಪಿಎಸ್ ಇದ್ದರೆ ಸಾಲದು, ಬ್ಯಾಟರಿ ಇಳಿಯುತ್ತಿದೆ ಅನ್ನುವುದು ಸರ್ವರ್‌ಗೆ ಗೊತ್ತಾಗಬೇಕು. ಯುಎಸ್‌ಬಿ ಕೇಬಲ್ ಜೋಡಿಸಿ, ಯುಪಿಎಸ್ ಮೇಲೆ ಕಣ್ಣಿಡುವ ಎನ್‌ಯುಟಿ ಅಥವಾ ಎಪಿಸಿಯುಪಿಎಸ್‌ಡಿ ಸಾಫ್ಟ್‌ವೇರ್ ಹಾಕಿ. ಅದು ಹೋಸ್ಟ್‌ಗೆ ಶಟ್‌ಡೌನ್ ಹೇಳುತ್ತದೆ. ಹೋಸ್ಟ್ ನಿಲ್ಲುವ ಮೊದಲು ವಿಎಂಗಳನ್ನು ನಿಲ್ಲಿಸುವುದು ಲಿಬ್‌ವರ್ಟ್-ಗೆಸ್ಟ್ಸ್ ಅನ್ನುವ ಸರ್ವಿಸ್. ಅದು ಆನ್ ಇದೆಯಾ, ‘ಶಟ್‌ಡೌನ್’ ಮಾಡುವಂತೆ ಇದೆಯಾ, ಎಷ್ಟು ಹೊತ್ತು ಕಾಯುತ್ತದೆ ಅಂತ ನೋಡಿ. ಆ ಹೊತ್ತು ಬ್ಯಾಟರಿ ತಡೆಯುವುದಕ್ಕಿಂತ ಕಡಿಮೆ ಇರಬೇಕು.

ಕರೆಂಟು ಬಂದ ಮೇಲೆ ಸರ್ವರ್ ತಾನೇ ಏಳಬೇಕಾದರೆ ಬಯಾಸ್‌ನಲ್ಲಿ ಆ ಆಯ್ಕೆ ಹಾಕಿ. ವಿಎಂಗಳು ಏಳಲು ಪ್ರತಿಯೊಂದಕ್ಕೂ ‘ವರ್ಶ್ ಆಟೋಸ್ಟಾರ್ಟ್’ ಕೊಟ್ಟಿರಬೇಕು. ಆದರೆ ಇದು ಯಾವುದು ಮೊದಲು ಅಂತ ಮಾತು ಕೊಡುವುದಿಲ್ಲ. ಡೇಟಾಬೇಸ್ ಎದ್ದ ಮೇಲೇ ಅಪ್ಲಿಕೇಶನ್ ಏಳಬೇಕು ಅಂದರೆ ಅಪ್ಲಿಕೇಶನ್‌ಗೇ ಕಾದು ಮತ್ತೆ ಪ್ರಯತ್ನಿಸುವುದನ್ನು ಕಲಿಸಿ, ಇಲ್ಲವೇ ಸಣ್ಣ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ವ್ಯವಸ್ಥೆ) ಸರ್ವಿಸ್ ಬರೆಯಿರಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಈ ಸರದಿ ಮತ್ತು ನಡುವಿನ ಅಂತರ ವೆಬ್ ಪುಟದಲ್ಲೇ ಹಾಕಬಹುದು.

ಒಂದು ವಿಎಂ ಕಾಪಿ ಮಾಡಿದೆ. ಎರಡಕ್ಕೂ ಒಂದೇ ಐಪಿ ಬರುತ್ತಿದೆ!

ಮ್ಯಾಕ್ ವಿಳಾಸ ಬೇರೆ ಇದ್ದರೂ ಹೀಗಾಗುತ್ತದೆ. ಈಗಿನ ಕೆಲವು ಲಿನಕ್ಸ್‌ಗಳು ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಗೆ ತಮ್ಮ ಗುರುತು ಹೇಳುವುದು ಮಷಿನ್-ಐಡಿ ಫೈಲಿನಿಂದ, ಅದು ಎರಡರಲ್ಲೂ ಒಂದೇ ಇದೆ. ಎಸ್‌ಎಸ್‌ಎಚ್ ಹೋಸ್ಟ್ ಕೀ ಕೂಡ ಒಂದೇ ಆಗಿರುತ್ತದೆ. ವರ್ಟ್-ಕ್ಲೋನ್‌ನಲ್ಲಿ ಕಾಪಿ ಮಾಡಿ, ಶುರು ಮಾಡುವ ಮೊದಲು ಈ ಗುರುತುಗಳನ್ನು ಅಳಿಸುವ ವರ್ಟ್-ಸಿಸ್‌ಪ್ರೆಪ್ ಓಡಿಸಿ. ಪದೇ ಪದೇ ಹೊಸ ವಿಎಂ ಬೇಕಾಗುವವರು ಡೆಬಿಯನ್, ಉಬುಂಟು ಕೊಡುವ ಕ್ಲೌಡ್ ಇಮೇಜ್ (ಮೊದಲೇ ಇನ್‌ಸ್ಟಾಲ್ ಆಗಿರುವ ಡಿಸ್ಕ್) ಜೊತೆ, ಮೊದಲ ಸಲ ಎದ್ದಾಗ ಅದನ್ನು ಸಜ್ಜು ಮಾಡುವ ಕ್ಲೌಡ್-ಇನಿಟ್ ಬಳಸಿದರೆ ಇನ್ನೂ ಚೆನ್ನ.

ಇನ್ನೊಂದು ಸರ್ವರ್‌ಗೆ ವಿಎಂ ಸಾಗಿಸುವುದು ಹೇಗೆ?

ನಿಲ್ಲಿಸಬಹುದಾದರೆ ನಿಲ್ಲಿಸಿ, ಫೈಲುಗಳನ್ನು ಆರ್‌ಸಿಂಕ್‌ನಲ್ಲಿ ಕಳಿಸಿ, ಅಲ್ಲಿ ‘ಡಿಫೈನ್’ ಕೊಡಿ. ಭಾನುವಾರ ಬೆಳಿಗ್ಗೆ ಮಾಡುವ ಕೆಲಸ.

ನಿಲ್ಲಿಸದೆಯೂ ಆಗುತ್ತದೆ, ಕೆವಿಎಂನಲ್ಲಿ ಅದಕ್ಕೆ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಬೇಡ. ‘ವರ್ಶ್ ಮೈಗ್ರೇಟ್’ ಜೊತೆ ಲೈವ್ ಮತ್ತು ಸ್ಟೋರೇಜ್ ಪೂರ್ತಿ ಕಾಪಿ ಮಾಡುವ ಆಯ್ಕೆ ಕೊಟ್ಟರೆ ಎರಡು ಸರ್ವರ್‌ಗೂ ಸೇರಿದ ಸ್ಟೋರೇಜ್ ಕೂಡ ಇರಬೇಕಾಗಿಲ್ಲ. ಆ ಕಡೆ ಅದೇ ಹೆಸರಿನ ಬ್ರಿಜ್, ಅದೇ ಜಾಗದಲ್ಲಿ ಅದೇ ಅಳತೆಯ ಡಿಸ್ಕ್ ಮೊದಲೇ ಮಾಡಿಡಿ. ‘ಪರ್ಸಿಸ್ಟೆಂಟ್’ ಆಯ್ಕೆ ಮರೆಯಬೇಡಿ. ಮರೆತರೆ ಆ ವಿಎಂ ಒಮ್ಮೆ ನಿಲ್ಲಿಸಿದ ಕೂಡಲೇ ಹೊಸ ಸರ್ವರ್‌ನ ಪಟ್ಟಿಯಿಂದಲೇ ಮಾಯವಾಗುತ್ತದೆ. ಎರಡೂ ಸರ್ವರ್‌ಗಳ ಪ್ರೊಸೆಸರ್ ಬೇರೆ ಬೇರೆ ಆಗಿದ್ದು, ವಿಎಂಗೆ ‘ಹೋಸ್ಟ್-ಪಾಸ್‌ಥ್ರೂ’ (ಹೋಸ್ಟ್‌ನ ಪ್ರೊಸೆಸರನ್ನು ಇದ್ದ ಹಾಗೇ ತೋರಿಸುವುದು) ಕೊಟ್ಟಿದ್ದರೆ ಇದು ಕೈಕೊಡಬಹುದು. ಮುಂದೆ ಸಾಗಿಸುವ ಯೋಚನೆ ಇದ್ದರೆ ಎರಡಕ್ಕೂ ಹೊಂದುವ ಪ್ರೊಸೆಸರ್ ಮಾದರಿಯನ್ನು ಮೊದಲೇ ಆರಿಸಿ.

ಇಲ್ಲಿ ಒಂದು ವಿಷಯದಲ್ಲಿ ಬಹಳ ಎಚ್ಚರ ಬೇಕು. ಎರಡು ಸರ್ವರ್‌ಗೂ ಕಾಣುವ ಸ್ಟೋರೇಜ್ ಮೇಲೆ ಒಂದೇ ವಿಎಂ ಎರಡು ಕಡೆ ಶುರುವಾದರೆ ಅದರ ಫೈಲ್‌ಸಿಸ್ಟಂ ಹಾಳಾಗುತ್ತದೆ, ಸರಿಪಡಿಸುವುದು ಕಷ್ಟ. ಮೇಲೊಂದು ಸಾಫ್ಟ್‌ವೇರ್ ಇದ್ದಿದ್ದರೆ ತಡೆಯುತ್ತಿತ್ತು. ಇಲ್ಲದಿರುವಾಗ ಡಿಸ್ಕ್‌ಗೆ ಬೀಗ ಹಾಕುವ ವರ್ಟ್‌ಲಾಕ್‌ಡಿ ಹಾಕಿ, ಹಳೇ ಕಡೆಯ ವಿವರವನ್ನು ಅಳಿಸಿ.

ಸೆಕ್ಯುರಿಟಿ?

ಲಿಬ್‌ವರ್ಟ್ ಗ್ರೂಪ್‌ಗೆ ಸೇರಿಸಿದವರಿಗೆ ನೀವು ಕೊಟ್ಟದ್ದು ರೂಟ್ ಹಕ್ಕೇ, ಅಂದರೆ ಇಡೀ ಹೋಸ್ಟ್‌ನ ಹಕ್ಕೇ, ಅಂತ ತಿಳಿಯಿರಿ. ಹೋಸ್ಟ್‌ನ ಯಾವ ಡಿಸ್ಕನ್ನಾದರೂ ಅವರು ತಮ್ಮ ವಿಎಂಗೆ ಜೋಡಿಸಿ ಓದಬಹುದು. ವಿಎಂನ ಸ್ಕ್ರೀನನ್ನು ದೂರದಿಂದ ತೋರಿಸುವ ವಿಎನ್‌ಸಿ 127.0.0.1ರಲ್ಲೇ, ಅಂದರೆ ಹೋಸ್ಟ್‌ನ ಒಳಗಷ್ಟೇ ಸಿಗುವಂತೆ, ಇರಲಿ. ವರ್ಟ್-ಮ್ಯಾನೇಜರ್ ಎಸ್‌ಎಸ್‌ಎಚ್ ಒಳಗಿಂದಲೇ ಅದನ್ನು ತರುತ್ತದೆ. 9090, 8006 ಪೋರ್ಟ್‌ಗಳನ್ನಾಗಲಿ ಐಪಿಎಂಐ ಆಗಲಿ ಇಂಟರ್ನೆಟ್‌ಗೆ ತೆರೆಯಬೇಡಿ. ಹೊರಗಿನಿಂದ ಬೇಕಾದರೆ ವಿಪಿಎನ್ ಹಾಕಿ. ಹೋಸ್ಟ್‌ನಲ್ಲಿ ಬೇರೆ ಏನೂ ಓಡಿಸಬೇಡಿ, ವೆಬ್‌ಸೈಟ್ ಕೂಡ ಬೇಡ.

ಏನಾದರೂ ಕೆಟ್ಟರೆ ನನಗೆ ಹೇಗೆ ಗೊತ್ತಾಗುತ್ತದೆ?

ನೀವು ವ್ಯವಸ್ಥೆ ಮಾಡದಿದ್ದರೆ ಗೊತ್ತಾಗುವುದೇ ಇಲ್ಲ. ಕನಿಷ್ಠ ನಾಲ್ಕು ವಿಷಯಕ್ಕೆ ಮೇಲ್ ಬರಬೇಕು: ರೇಡ್‌ನಲ್ಲಿ ಡಿಸ್ಕ್ ಹೋದರೆ, ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ಕೊಡುವ ಸ್ಮಾರ್ಟ್ ಎಚ್ಚರಿಕೆ ಬಂದರೆ, ಜಾಗ 80 ಶೇಕಡಾ ದಾಟಿದರೆ, ರಾತ್ರಿಯ ಬ್ಯಾಕಪ್ ಆಗದಿದ್ದರೆ. ರೇಡ್‌ನ ಒಂದು ಡಿಸ್ಕ್ ಸತ್ತು ತಿಂಗಳಾದರೂ ಗೊತ್ತಿಲ್ಲದೆ, ಎರಡನೆಯದು ಸತ್ತಾಗ ಎಚ್ಚರವಾಗುವುದು ಬೇಡ.

ವಿಂಡೋಸ್ ಸರ್ವರ್ ಲೈಸೆನ್ಸ್ ಪ್ರತಿ ವಿಎಂಗೂ ಬೇಕಾ?

ಸರ್ವರ್‌ನ ಎಲ್ಲ ಕೋರ್‌ಗಳಿಗೂ ಸ್ಟ್ಯಾಂಡರ್ಡ್ ಲೈಸೆನ್ಸ್ ಕೊಂಡರೆ ಎರಡು ವಿಂಡೋಸ್ ಸರ್ವರ್ ವಿಎಂ ಓಡಿಸಬಹುದು. ಹೈಪರ್‌ವೈಸರ್ ಕೆವಿಎಂ ಆದರೂ ಇದೇ ಲೆಕ್ಕ.

ಯಾವಾಗ ಇದು ಸಾಲದು, ಸೆಂಟ್ರಲ್ ಮ್ಯಾನೇಜ್‌ಮೆಂಟ್ ಬೇಕು?

ನೋಡಿಕೊಳ್ಳುವವರು ಮೂರು ನಾಲ್ಕು ಜನ ಆಗಿ, ಯಾರು ಏನು ಬದಲಾಯಿಸಿದರು ಅನ್ನುವುದೇ ತಿಳಿಯದ ಹಾಗಾದಾಗ. ಅಥವಾ ಸರ್ವರ್ ಬಿದ್ದರೆ ಒಂದೆರಡು ಗಂಟೆ ಕಾಯಲು ಆಗುವುದೇ ಇಲ್ಲ ಅನ್ನುವ ಕೆಲಸ ಬಂದಾಗ. ಸರ್ವರ್‌ಗಳ ಲೆಕ್ಕ ಆಮೇಲಿನದು. ನಾಲ್ಕೈದು ಸರ್ವರ್‌ಗಳನ್ನು ಆನ್ಸಿಬಲ್ (ಎಲ್ಲ ಸರ್ವರ್‌ಗಳಲ್ಲೂ ಒಂದೇ ಕೆಲಸ ಒಟ್ಟಿಗೆ ಮಾಡಿಸುವ ಸಾಧನ) ಮತ್ತು ಆ ಗಿಟ್ ರೆಪೊಸಿಟರಿ ಇಟ್ಟುಕೊಂಡೇ ನೆಮ್ಮದಿಯಾಗಿ ನಡೆಸಬಹುದು.

ತಾನಾಗಿಯೇ ಇನ್ನೊಂದು ಸರ್ವರ್‌ನಲ್ಲಿ ಏಳಬೇಕು ಅಂದರೆ ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್ ನೋಡಿ. ಅದಕ್ಕೆ ಮೂರು ಓಟು ಬೇಕು. ಎರಡೇ ಸರ್ವರ್ ಇದ್ದರೆ ಒಂದು ಇನ್ನೊಂದನ್ನು ಕಾಣದಾದಾಗ ಸತ್ತದ್ದು ಯಾವುದು ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಮೂರನೇ ಓಟಿಗೆ ದೊಡ್ಡ ಸರ್ವರ್ ಬೇಡ, ಕ್ಯೂಡಿವೈಸ್ ಓಡಿಸುವ ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆ ಸಾಕು. ಅದನ್ನು ಈ ಎರಡು ಸರ್ವರ್‌ಗಳೊಳಗಿನ ವಿಎಂ ಆಗಿ ಮಾತ್ರ ಇಡಬೇಡಿ.